ಒಂದು ಭಾಗ ಕಳಚಿದರೆ ನಿಂತುಹೋಗುವ ಯಂತ್ರ ಹಂತಹಂತವಾಗಿ ಬಂದೀತೇ?

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ವಿಕಾಸದ ಅಧ್ಯಾಯ ನಡೆಯುವಾಗ ವಿದ್ಯಾರ್ಥಿಯೊಬ್ಬ ಅಮೆರಿಕದ ಒಂದು ವಿಡಿಯೊ ತೋರಿಸಿದ. ಬ್ಯಾಕ್ಟೀರಿಯಾದ ಕಶಾಂಗ, ಅಂದರೆ ಅದು ಈಜಲು ಬಳಸುವ ಬಾಲದಂಥ ಅಂಗ, ನಲವತ್ತು ಬಿಡಿಭಾಗಗಳ ಮೋಟಾರು, ಒಂದನ್ನು ತೆಗೆದರೂ ತಿರುಗುವುದಿಲ್ಲ, ಹಾಗಾಗಿ ಅದು ಹಂತಹಂತವಾಗಿ ಬಂದಿರಲಾರದು, ಬುದ್ಧಿಯಿರುವ ಯಾರೋ ವಿನ್ಯಾಸ ಮಾಡಿರಬೇಕು ಎಂಬುದು ಅದರ ವಾದ. ಇದಕ್ಕೆ ಏನು ಹೇಳಬೇಕು? ಅಮೆರಿಕದ ಕೋರ್ಟೇ ಈ ವಾದವನ್ನು ತಳ್ಳಿಹಾಕಿದೆಯಂತೆ, ಅಷ್ಟು ಹೇಳಿದರೆ ಸಾಕೇ? ಎರಡೂ ಕಡೆಯ ವಾದವನ್ನು ತರಗತಿಯಲ್ಲಿ ಇಡುವುದು ನ್ಯಾಯವಲ್ಲವೇ?

ಉತ್ತರ: ಕೋರ್ಟು ಹೇಳಿತು ಎಂಬಲ್ಲಿಗೆ ಮಾತು ಮುಗಿಸಬೇಡಿ. ಹುಡುಗ ಕೇಳಿರುವುದು ಪ್ರೋಟೀನುಗಳ ಪ್ರಶ್ನೆ, ಅದಕ್ಕೆ ಪ್ರೋಟೀನುಗಳಲ್ಲೇ ಉತ್ತರವಿದೆ. ಕೋರ್ಟು ಉತ್ತರಿಸಿದ್ದು ಬೇರೆಯದೇ ಪ್ರಶ್ನೆಗೆ. ಅದನ್ನು ಆಮೇಲೆ ನೋಡೋಣ.

ಮೊದಲು ಎದುರಿನ ವಾದ ಯಾರದು, ಎಷ್ಟರದು ಎಂದು ಸರಿಯಾಗಿ ತಿಳಿದಿರಬೇಕು. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹೆ 1996ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಅವರು ಇಟ್ಟ ಹೆಸರು ‘ಇರ್‌ರೆಡ್ಯೂಸಿಬಲ್ ಕಾಂಪ್ಲೆಕ್ಸಿಟಿ’, ಅಂದರೆ ಒಂದು ಭಾಗವನ್ನೂ ಕಳೆಯಲಾಗದ ಜಟಿಲತೆ. ಅವರ ಉದಾಹರಣೆ ಇಲಿಬೋನು: ಹಲಗೆ, ಸ್ಪ್ರಿಂಗು, ಕೊಂಡಿಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಇಲಿ ಬೀಳುವುದಿಲ್ಲ. ಇಲ್ಲಿ ಬಹಳ ಮಂದಿ ಮೇಷ್ಟರು ಎಡವುತ್ತಾರೆ. ವಿನ್ಯಾಸವಾದಿ ಎಂದ ತಕ್ಷಣ ಭೂಮಿಗೆ ಆರು ಸಾವಿರ ವರ್ಷ ಎನ್ನುವವರೆಂದು ತಿಳಿದು ಪಳೆಯುಳಿಕೆ, ಇಂಗಾಲದ ಕಾಲನಿರ್ಣಯ ಎಂದು ಹೊರಡುತ್ತಾರೆ. ಬೀಹೆ ಭೂಮಿಯ ವಯಸ್ಸನ್ನೂ ಒಪ್ಪುತ್ತಾರೆ, ಮನುಷ್ಯನಿಗೂ ಚಿಂಪಾಂಜಿಗೂ ಪೂರ್ವಜರು ಒಬ್ಬರೇ ಎಂಬುದನ್ನೂ ಒಪ್ಪುತ್ತಾರೆ. ಅವರ ತಕರಾರು ಒಂದೇ: ಜೀವಕೋಶದೊಳಗಿನ ಕೆಲವು ಯಂತ್ರಗಳನ್ನು ಉತ್ಪರಿವರ್ತನೆ (ಜೀನಿನಲ್ಲಾಗುವ ಆಕಸ್ಮಿಕ ಬದಲಾವಣೆ) ಮತ್ತು ನೈಸರ್ಗಿಕ ಆಯ್ಕೆ ಎರಡೇ ಸೇರಿ ಕಟ್ಟಲಾರವು. ಉತ್ತರ ಆ ತಕರಾರಿಗೇ ಇರಬೇಕು.

ಇನ್ನು ಮೋಟಾರು. ಅದು ನಿಜಕ್ಕೂ ಬೆರಗಿನದು, ಅದನ್ನು ಸಣ್ಣದು ಮಾಡಿ ತೋರಿಸುವ ಅಗತ್ಯವಿಲ್ಲ. ಇ. ಕೋಲೈ ಅಥವಾ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಹೊರಗೆ ಚಾಚಿರುವ ಎಳೆ ಸುಮಾರು 20 ನ್ಯಾನೊಮೀಟರ್ ದಪ್ಪ, ಹಲವು ಮೈಕ್ರೊಮೀಟರ್ ಉದ್ದ. ಫ್ಲಾಜೆಲಿನ್ ಎಂಬ ಒಂದೇ ಪ್ರೋಟೀನಿನ ಸಾವಿರಾರು ಪ್ರತಿಗಳು ಸುರುಳಿಯಾಗಿ ಜೋಡಿಕೊಂಡು ಆ ಎಳೆಯಾಗಿದೆ. ಬುಡದಲ್ಲಿ ಬಾಗಿದ ಕೊಕ್ಕೆ, ಅದರ ಕೆಳಗೆ ಸರಳು, ಪೊರೆಯಲ್ಲಿ ಕೂತ ಉಂಗುರಗಳು, ಪಕ್ಕದಲ್ಲಿ ಮಾಟ್-ಎ, ಮಾಟ್-ಬಿ ಎಂಬ ಪ್ರೋಟೀನುಗಳ ಸ್ಥಿರ ಭಾಗ. ಪೊರೆಯ ಹೊರಗಿಂದ ಒಳಕ್ಕೆ ಹರಿಯುವ ಪ್ರೋಟಾನುಗಳೇ ಇಂಧನ. ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತದೆ, ದಿಕ್ಕನ್ನೂ ಬದಲಿಸುತ್ತದೆ. ಎಳೆ ಬೆಳೆಯುವುದು ತುದಿಯಲ್ಲಿ: ಹೊಸ ಫ್ಲಾಜೆಲಿನ್ ನಡುವಿನ ಕೊಳವೆಯೊಳಗೆ ಸಾಗಿ ತುದಿಗೆ ಹೋಗಿ ಕೂರುತ್ತದೆ. ಹೀಗೆ ರಫ್ತು ಮಾಡುವ ಒಂದು ವ್ಯವಸ್ಥೆ ಬುಡದಲ್ಲೇ ಇದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

‘ಒಂದು ತೆಗೆದರೆ ನಿಲ್ಲುತ್ತದೆ’ ಎಂಬ ಪರೀಕ್ಷೆ ಇಂದಿನ ಯಂತ್ರದ ಬಗ್ಗೆ ಮಾತ್ರ ಹೇಳುತ್ತದೆ. ಇಂದು ಅನಿವಾರ್ಯವಾದದ್ದು ಸೇರಿದ ದಿನವೂ ಅನಿವಾರ್ಯವಾಗಿತ್ತು ಎಂದು ಅದರಿಂದ ಸಾಬೀತಾಗುವುದಿಲ್ಲ. ವಾದದ ಬಿರುಕು ಇರುವುದು ಇಲ್ಲೇ. ತಮಾಷೆಯೆಂದರೆ, ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಇದನ್ನು 1918ರಲ್ಲೇ ಬರೆದಿದ್ದರು. ಮೊದಲು ಒಂದು ಭಾಗ ಬರೀ ಅನುಕೂಲವೆಂದು ಸೇರುತ್ತದೆ. ಆಮೇಲೆ ಉಳಿದ ಭಾಗಗಳು ಅದನ್ನು ನಂಬಿಕೊಂಡು ಬದಲಾಗುತ್ತವೆ. ಕೊನೆಗೆ ಅದಿಲ್ಲದೆ ನಡೆಯುವುದಿಲ್ಲ. ಅಂದರೆ ಕಳೆಯಲಾಗದ ಜಟಿಲತೆ ವಿಕಾಸದಿಂದ ಬರಬೇಕಾದ ಫಲಿತಾಂಶವೇ ಹೊರತು ವಿಕಾಸಕ್ಕೆ ಅಡ್ಡಿಯಲ್ಲ.

ಇಷ್ಟು ಹೇಳಿದರೆ ಚುರುಕಾದ ಹುಡುಗ, ‘ಅದು ನಿಮ್ಮ ಊಹೆ, ಎಲ್ಲಾದರೂ ನಡೆದದ್ದನ್ನು ತೋರಿಸಿ’ ಎನ್ನುತ್ತಾನೆ. ಎನ್ನಲೇಬೇಕು. ತೋರಿಸಲು ನನ್ನ ಲೆಕ್ಕದಲ್ಲಿ ಅತ್ಯುತ್ತಮ ಉದಾಹರಣೆ ಕಶಾಂಗವಲ್ಲ, ಯೀಸ್ಟಿನ ಒಂದು ಪ್ರೋಟಾನ್ ಪಂಪು. ವಿ-ಎಟಿಪೇಸ್ ಎಂಬ ಈ ಪಂಪಿನಲ್ಲಿಯೂ ಪೊರೆಯೊಳಗೆ ತಿರುಗುವ ಒಂದು ಉಂಗುರವಿದೆ. ಪ್ರಾಣಿಗಳಲ್ಲಿ ಆ ಉಂಗುರಕ್ಕೆ ಎರಡು ಬಗೆಯ ಪ್ರೋಟೀನು ಸಾಕು. ಯೀಸ್ಟ್ ಸೇರಿದ ಶಿಲೀಂಧ್ರಗಳಲ್ಲಿ ಮೂರು ಬೇಕು, ಮೂರರಲ್ಲಿ ಯಾವುದನ್ನು ತೆಗೆದರೂ ಪಂಪು ಕೆಲಸ ಮಾಡುವುದಿಲ್ಲ, ಕ್ಯಾಲ್ಸಿಯಂ ಹೆಚ್ಚಿರುವ ಮಾಧ್ಯಮದಲ್ಲಿ ಯೀಸ್ಟು ಬೆಳೆಯುವುದಿಲ್ಲ. ಬೀಹೆಯವರ ವ್ಯಾಖ್ಯೆಗೆ ಅಚ್ಚುಕಟ್ಟಾಗಿ ಹೊಂದುವ ಯಂತ್ರ.

ಅಮೆರಿಕದ ವಿಕಾಸ ವಿಜ್ಞಾನಿ ಜೋ ಥಾರ್ನ್‌ಟನ್ ಅವರ ತಂಡ ಮಾಡಿದ್ದು ಹೀಗೆ. ಇಂದು ಬದುಕಿರುವ ಅನೇಕ ಜೀವಿಗಳಿಂದ ಈ ಪ್ರೋಟೀನುಗಳ ಅಮೈನೊ ಆಮ್ಲದ ಸರಣಿಗಳನ್ನು ಒಟ್ಟುಗೂಡಿಸಿ ವಂಶವೃಕ್ಷ ಕಟ್ಟಿದರು. ಅದರ ಕವಲಿನಲ್ಲಿ ಕೂರುವ ಪೂರ್ವಜ ಪ್ರೋಟೀನಿನ ಸರಣಿ ಏನಿದ್ದಿರಬೇಕೆಂದು ಗಣಿತದಿಂದ ಅಂದಾಜಿಸಿದರು. ಆ ಜೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಯೀಸ್ಟಿನೊಳಗೆ ಹಾಕಿದರು. ಈಗಿನ ಯೀಸ್ಟಿನಲ್ಲಿ ವಿಎಂಎ-3, ವಿಎಂಎ-11 ಎಂಬ ಎರಡು ಪ್ರೋಟೀನು ಮಾಡುವ ಕೆಲಸವನ್ನು ಆ ಒಂದೇ ಪೂರ್ವಜ ಪ್ರೋಟೀನು ನಿಭಾಯಿಸಿತು. ಮುಂದೆ ಶಿಲೀಂಧ್ರಗಳ ದಾರಿಯಲ್ಲಿ ಈ ಜೀನು ದ್ವಿಗುಣಗೊಂಡಿದೆ. ಎರಡೂ ಪ್ರತಿಗಳು ಒಂದೇ ಕೆಲಸ ಮಾಡುವಾಗ ಒಂದರಲ್ಲಿ ಒಂದು ಸಾಮರ್ಥ್ಯ ಕೆಟ್ಟರೆ ಕೇಳುವವರಿಲ್ಲ, ಇನ್ನೊಂದು ಪ್ರತಿ ಅದನ್ನು ತುಂಬಿಕೊಡುತ್ತದೆ. ಇನ್ನೊಂದರಲ್ಲಿ ಬೇರೆ ಸಾಮರ್ಥ್ಯ ಕೆಟ್ಟಿತು. ಪೂರ್ವಜ ಪ್ರೋಟೀನಿಗೆ ಆಗ ನಡೆದ ಬದಲಾವಣೆಗಳಲ್ಲಿ ಒಂದೊಂದನ್ನೇ ಸೇರಿಸಿ ನೋಡಿದಾಗ, ಪ್ರತಿಯೊಂದು ಪ್ರತಿಗೂ ಒಂದೇ ಒಂದು ಉತ್ಪರಿವರ್ತನೆ ಸಾಕಾಯಿತು. ಅಲ್ಲಿಂದ ಎರಡೂ ಅನಿವಾರ್ಯವಾದವು. ಮದುವೆ ಮನೆಯಲ್ಲಿ ಎಲ್ಲ ಅಡುಗೆ ಬಲ್ಲ ಇಬ್ಬರು ಭಟ್ಟರಿದ್ದು, ಒಬ್ಬರಿಗೆ ಸಾರು, ಇನ್ನೊಬ್ಬರಿಗೆ ಸಿಹಿ ಮರೆತುಹೋದಂತೆ: ಊಟ ಮೊದಲಿನದೇ, ಆದರೆ ಇನ್ನು ಇಬ್ಬರನ್ನೂ ಕರೆಸಲೇಬೇಕು. ಹೊಸ ಪ್ರತಿಭೆ ಯಾವುದೂ ಬರಲಿಲ್ಲ, ಮರೆವೇ ಜಟಿಲತೆಯನ್ನು ಹೆಚ್ಚಿಸಿತು. ಈ ಕೆಲಸ ‘ನೇಚರ್’ನಲ್ಲಿ 2012ರಲ್ಲಿ ಪ್ರಕಟವಾಗಿದೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಮಣಿಗಳ ಉಂಗುರ ಬರೆದು, ಯಾವ ಮಣಿ ಯಾವುದರ ಪಕ್ಕ ಕೂರಬಲ್ಲದು ಎಂದು ಬಣ್ಣದ ಸೀಮೆಸುಣ್ಣದಿಂದ ತೋರಿಸಿದರೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಈಗ ಕಶಾಂಗಕ್ಕೆ ಬರೋಣ. ‘ನಲವತ್ತು ಭಾಗ’ ಎಂಬುದು ಸಾಲ್ಮೊನೆಲ್ಲಾ, ಇ. ಕೋಲೈಗಳ ಲೆಕ್ಕ, ಅದರಲ್ಲಿ ನಿಯಂತ್ರಣಕ್ಕೆ, ಜೋಡಣೆಗೆ ನೆರವಾಗುವ ಪ್ರೋಟೀನುಗಳೂ ಸೇರಿವೆ. ಎಲ್ಲ ಬ್ಯಾಕ್ಟೀರಿಯಾಗಳ ಕಶಾಂಗದಲ್ಲಿ ತಪ್ಪದೆ ಕಾಣುವವು ಇಪ್ಪತ್ತು ಚಿಲ್ಲರೆ. ಹೊರಪೊರೆಯಿಲ್ಲದ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳಲ್ಲಿ ಹೊರಪೊರೆ, ಕೋಶಗೋಡೆಗಳಲ್ಲಿ ಕೂರುವ ಎಲ್ ಮತ್ತು ಪಿ ಉಂಗುರಗಳೇ ಇಲ್ಲ, ಆದರೂ ಈಜುತ್ತವೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಜೀವಕೋಶದಲ್ಲೇ ನೆಂಟರಿದ್ದಾರೆ. ಮಾಟ್-ಎ, ಮಾಟ್-ಬಿಗಳು ಪೊರೆಯ ಮೂಲಕ ವಸ್ತು ಸಾಗಿಸಲು ಶಕ್ತಿ ಒದಗಿಸುವ ಎಕ್ಸ್-ಬಿಬಿ, ಎಕ್ಸ್-ಬಿಡಿ ಪ್ರೋಟೀನುಗಳ ಬಳಗದವು. ರಫ್ತು ವ್ಯವಸ್ಥೆಯ ಫ್ಲಿ-ಐ ಎಂಬುದು ಜೀವಕೋಶದ ಶಕ್ತಿಯ ಅಣುವಾದ ಎಟಿಪಿ ತಯಾರಿಸುವ ಕಿಣ್ವದ ಒಂದು ಉಪಘಟಕದ ಸಂಬಂಧಿ. ಸರಳು, ಕೊಕ್ಕೆಗಳ ಪ್ರೋಟೀನುಗಳು ಪರಸ್ಪರ ಹೋಲುತ್ತವೆ, ಒಂದೇ ಜೀನಿನ ಪ್ರತಿಗಳಿಂದ ಬಂದ ಗುರುತು ಅದು.

ಬುಡದ ರಫ್ತು ವ್ಯವಸ್ಥೆ ಕಶಾಂಗವಿಲ್ಲದ ಕಡೆಯೂ ಇದೆ. ಪ್ಲೇಗಿನ ಯೆರ್ಸಿನಿಯಾ, ಆಮಶಂಕೆಯ ಶಿಗೆಲ್ಲಾ ಇವು ನಮ್ಮ ಜೀವಕೋಶಗಳಿಗೆ ವಿಷ ಪ್ರೋಟೀನು ಚುಚ್ಚುವ ಸೂಜಿಯಂಥ ರಚನೆ ಹೊಂದಿವೆ, ಮೂರನೇ ಬಗೆಯ ಸ್ರಾವ ವ್ಯವಸ್ಥೆ ಎಂದು ಅದರ ಹೆಸರು. ಅದರ ತಿರುಳಿನ ಒಂಬತ್ತು ಹತ್ತು ಪ್ರೋಟೀನುಗಳು ಕಶಾಂಗದವಕ್ಕೆ ಸಂಬಂಧಿಗಳು. ಇಲ್ಲಿ ಒಂದು ಎಚ್ಚರಿಕೆ. ವಿಕಾಸದ ಪರ ಮಾತಾಡುವ ಎಷ್ಟೋ ಮಂದಿ ‘ಈ ಸೂಜಿಯಿಂದಲೇ ಕಶಾಂಗ ಬಂತು’ ಎಂದುಬಿಡುತ್ತಾರೆ. ವಂಶವೃಕ್ಷದ ವಿಶ್ಲೇಷಣೆಗಳು ಹೇಳುವುದು ತಿರುಗುಮುರುಗು: ಸೂಜಿಯೇ ಕಶಾಂಗದ ಕವಲು. ವಿನ್ಯಾಸವಾದಿಗಳು ಇದನ್ನು ಚೆನ್ನಾಗಿ ಬಲ್ಲರು, ನಿಮ್ಮ ವಿದ್ಯಾರ್ಥಿ ಮುಂದಿನ ವಿಡಿಯೊದಲ್ಲಿ ಅದನ್ನೇ ತರುತ್ತಾನೆ. ಆದ್ದರಿಂದ ಸೂಜಿಯನ್ನು ಅಜ್ಜನ ಜಾಗದಲ್ಲಿ ಕೂರಿಸಬೇಡಿ. ಅದು ರುಜುವಾತು ಮಾಡುವುದು ಇಷ್ಟನ್ನೇ: ತಿರುಗುವ ಎಳೆ ಇಲ್ಲದಿದ್ದರೂ ಈ ಭಾಗಗಳ ಒಂದು ಗುಂಪಿಗೆ ಬೇರೆ ಉಪಯುಕ್ತ ಕೆಲಸವಿರಲು ಸಾಧ್ಯ. ‘ಅರ್ಧ ಕಶಾಂಗದಿಂದ ಏನು ಪ್ರಯೋಜನ’ ಎಂಬ ಮಾತಿಗೆ ಅಷ್ಟೇ ಸಾಕು.

ಒಂದನ್ನೂ ತೆಗೆಯಲಾಗದು ಎಂಬುದೂ ಪೂರ್ತಿ ಸರಿಯಲ್ಲ. ಸಾಲ್ಮೊನೆಲ್ಲಾದಲ್ಲಿ ಫ್ಲಿ-ಐಯನ್ನೂ ಅದರ ಜೊತೆಗಾರ ಫ್ಲಿ-ಎಚ್ ಅನ್ನೂ ಒಟ್ಟಿಗೆ ತೆಗೆದುಹಾಕಿದರೆ ಕೆಲವು ಕೋಶಗಳಲ್ಲಿ ಕಶಾಂಗ ಬೆಳೆಯುತ್ತದೆ, ರಫ್ತು ಪ್ರೋಟಾನು ಶಕ್ತಿಯಿಂದಲೇ ಮಂದವಾಗಿ ನಡೆಯುತ್ತದೆ. ಇದು 2008ರಲ್ಲಿ ಎರಡು ತಂಡಗಳಿಂದ ಪ್ರಕಟವಾಯಿತು. ಫ್ಲಿ-ಐಯನ್ನು ಮಾತ್ರ ತೆಗೆದು ಫ್ಲಿ-ಎಚ್ ಉಳಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ ಎಂಬುದು ಇಲ್ಲಿಯ ಸ್ವಾರಸ್ಯ. ಒಂದೊಂದೇ ಭಾಗ ಕಳಚಿ ನೋಡುವ ಪರೀಕ್ಷೆ ಎಷ್ಟು ದಾರಿ ತಪ್ಪಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಹಾಗೆಂದು ಕಶಾಂಗದ ಹುಟ್ಟಿನ ಪ್ರತಿ ಹಂತವೂ ತಿಳಿದಿದೆ ಎಂದು ಹೇಳಬೇಡಿ. ಅದು ಹುಟ್ಟಿದ್ದು ಶತಕೋಟಿ ವರ್ಷಗಳ ಹಿಂದೆ, ಯಾವ ಭಾಗ ಯಾವ ಕ್ರಮದಲ್ಲಿ ಸೇರಿತೆಂಬುದು ಇನ್ನೂ ಚರ್ಚೆಯಲ್ಲಿದೆ.

ವಿಡಿಯೊಗಳಲ್ಲಿ ಬರುವ ‘ಹತ್ತರ ಘಾತ ಇಷ್ಟರಲ್ಲಿ ಒಂದು’ ಎಂಬ ಸಂಭವನೀಯತೆಯ ಲೆಕ್ಕ ನೋಡುವಾಗ ಒಂದನ್ನು ಹುಡುಕಿ: ಎಲ್ಲ ಭಾಗಗಳೂ ಒಂದೇ ಏಟಿಗೆ ಸೇರಬೇಕೆಂದು ಗುಣಿಸಿದ್ದಾರೆಯೇ? ಬಹುತೇಕ ಹಾಗೆಯೇ ಇರುತ್ತದೆ. ಆಯ್ಕೆ ಒಂದೊಂದು ಹೆಜ್ಜೆಯನ್ನೂ ಉಳಿಸಿಕೊಂಡು ಹೋಗುವುದರಿಂದ ಆ ಗುಣಾಕಾರ ವಿಕಾಸದ ಲೆಕ್ಕವೇ ಅಲ್ಲ. ಬೀಹೆ ಇದಕ್ಕಿಂತ ಉತ್ತಮ ಲೆಕ್ಕ ಮಾಡಿದ್ದರು. ಭೌತವಿಜ್ಞಾನಿ ಡೇವಿಡ್ ಸ್ನೋಕ್ ಜೊತೆ 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನಡುವಿನ ಹೆಜ್ಜೆಗಳಿಂದ ಯಾವ ಲಾಭವೂ ಇಲ್ಲವೆಂದು ಇಟ್ಟುಕೊಂಡು, ಎರಡು ಅಮೈನೊ ಆಮ್ಲಗಳ ಜೋಡಿ ಬದಲಾವಣೆ ನೆಲೆಯೂರಲು ನೂರು ಕೋಟಿ ಜೀವಿಗಳ ಸಮೂಹಕ್ಕೆ ಹತ್ತು ಕೋಟಿ ತಲೆಮಾರು ಬೇಕು ಎಂದರು. ಭಾರಿ ಸಂಖ್ಯೆ ಎನಿಸುತ್ತದೆ. ಒಂದು ಟನ್ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಸಮೂಹದ ಸುಮಾರು ಒಂದು ಕೋಟಿ ಪಟ್ಟು. ಹತ್ತು ಕೋಟಿ ತಲೆಮಾರು ಬ್ಯಾಕ್ಟೀರಿಯಾಗಳಿಗೆ ಕೆಲವು ಸಾವಿರ ವರ್ಷಗಳ ಮಾತು. ಈ ಹೋಲಿಕೆಯನ್ನು ಬೀಹೆಯವರ ಮುಂದೆ ಇಟ್ಟದ್ದು ಕೋರ್ಟಿನಲ್ಲಿ, ಪಾಟೀಸವಾಲಿನಲ್ಲಿ. ಅಲ್ಲಿಗೇ ಹೋಗೋಣ.

ಪೆನ್ಸಿಲ್ವೇನಿಯಾದ ಡೋವರ್ ಒಂದು ಸಣ್ಣ ಊರು. ಅಲ್ಲಿಯ ಶಾಲಾ ಮಂಡಳಿ 2004ರ ಅಕ್ಟೋಬರ್ 18ರಂದು ಆರಕ್ಕೆ ಮೂರು ಮತಗಳಿಂದ ಒಂದು ನಿರ್ಣಯ ಮಾಡಿತು. ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ನಾಲ್ಕು ಪ್ಯಾರಾದ ಹೇಳಿಕೆ ಓದಿಸಬೇಕಿತ್ತು: ಡಾರ್ವಿನ್ ಹೇಳಿದ್ದು ಬರೀ ಸಿದ್ಧಾಂತ, ಅದರಲ್ಲಿ ಕೊರತೆಗಳಿವೆ, ಇಂಟೆಲಿಜೆಂಟ್ ಡಿಸೈನ್ (ಈ ವಿನ್ಯಾಸವಾದದ ಇಂಗ್ಲಿಷ್ ಹೆಸರು) ಬೇರೊಂದು ವಿವರಣೆ, ಬೇಕಾದವರಿಗೆ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಪುಸ್ತಕ ಶಾಲೆಯಲ್ಲಿದೆ. ವಿಜ್ಞಾನ ಶಿಕ್ಷಕರು ಓದಲು ಒಪ್ಪಲಿಲ್ಲ. 2005ರ ಜನವರಿಯಲ್ಲಿ ಆಡಳಿತದವರೇ ತರಗತಿಗೆ ಬಂದು ಓದಿದರು. ಅಷ್ಟರಲ್ಲಿ ಹನ್ನೊಂದು ಮಂದಿ ಪೋಷಕರು ಕೋರ್ಟಿಗೆ ಹೋಗಿದ್ದರು. ‘ಕಿಟ್ಜ್‌ಮಿಲ್ಲರ್ ವರ್ಸಸ್ ಡೋವರ್’ ಎಂದು ಹೆಸರಾದ ಮೊಕದ್ದಮೆ ಇದೇ. ವಿಚಾರಣೆ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ಹ್ಯಾರಿಸ್‌ಬರ್ಗ್‌ನಲ್ಲಿ ನಡೆಯಿತು. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದವರು ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್, ಹಾಗಾಗಿ ಎಡಪಂಥೀಯ ತೀರ್ಪು ಎಂಬ ಆಕ್ಷೇಪಕ್ಕೆ ಬಲವಿಲ್ಲ. 139 ಪುಟಗಳ ತೀರ್ಪು ಡಿಸೆಂಬರ್ 20ರಂದು ಬಂತು.

ಕೋರ್ಟಿನ ಮುಂದಿದ್ದ ಮುಖ್ಯ ಪ್ರಶ್ನೆ ಕಶಾಂಗ ಹೇಗೆ ಹುಟ್ಟಿತು ಎಂಬುದಲ್ಲ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರ ಮತಧರ್ಮವನ್ನು ಪ್ರತಿಷ್ಠಾಪಿಸದಂತೆ ತಡೆಯುತ್ತದೆ; ಈ ನಿರ್ಣಯ ಅದನ್ನು ಮುರಿಯಿತೇ ಎಂಬುದು ಪ್ರಶ್ನೆ. ಇದಕ್ಕೆ ನಿರ್ಣಾಯಕವಾದದ್ದು ಪಾಂಡಾ ಪುಸ್ತಕದ ಹಳೆಯ ಕರಡುಗಳು. ಲೂಸಿಯಾನಾದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1987ರ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ‘ಸೃಷ್ಟಿ ವಿಜ್ಞಾನ’ ಕಡ್ಡಾಯ ಮಾಡುವಂತಿಲ್ಲ ಎಂದಿತು. ಅದಾದ ಮೇಲಿನ ಕರಡಿನಲ್ಲಿ ‘ಸೃಷ್ಟಿ’ ಇದ್ದ ಸುಮಾರು 150 ಜಾಗಗಳಲ್ಲಿ ‘ಇಂಟೆಲಿಜೆಂಟ್ ಡಿಸೈನ್’ ಬಂದು ಕೂತಿತು, ವ್ಯಾಖ್ಯೆ ಹೆಚ್ಚುಕಮ್ಮಿ ಅಕ್ಷರಶಃ ಹಾಗೇ ಉಳಿಯಿತು. ಒಂದು ಕಡೆ ‘ಕ್ರಿಯೇಶನಿಸ್ಟ್ಸ್’ ಅಳಿಸಿ ‘ಡಿಸೈನ್ ಪ್ರೊಪೊನೆಂಟ್ಸ್’ ಅಂಟಿಸುವಾಗ ಹಳೆಯ ಪದದ ಮೊದಲಕ್ಷರವೂ ಬಾಲವೂ ಎರಡು ಪಕ್ಕದಲ್ಲಿ ಹಾಗೇ ಉಳಿದುಬಿಟ್ಟಿದ್ದವು. ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಈ ಕರಡುಗಳನ್ನು ಸಾಲಾಗಿ ಕೋರ್ಟಿಗೆ ತೋರಿಸಿದರು. ಎರಡು ಪದಗಳ ನಡುವೆ ಸಿಕ್ಕಿಬಿದ್ದ ಈ ರೂಪವನ್ನು ಆಮೇಲೆ ಜನ ಪಳೆಯುಳಿಕೆ ಎಂದೇ ಕರೆದರು. ಮಂಡಳಿಯ ಕೆಲವರು ತಮ್ಮ ಧಾರ್ಮಿಕ ಉದ್ದೇಶ ಮುಚ್ಚಿಡಲು ಪ್ರಮಾಣದ ಮೇಲೆ ಸುಳ್ಳು ಹೇಳಿದರೆಂದೂ ತೀರ್ಪಿನಲ್ಲಿದೆ.

ವಿಜ್ಞಾನದ ಭಾಗಕ್ಕೂ ಕೋರ್ಟು ಕೈ ಹಾಕಿತು, ಏಕೆಂದರೆ ಎರಡೂ ಕಡೆಯವರು ಅದನ್ನು ಕೇಳಿಕೊಂಡಿದ್ದರು. ಬ್ರೌನ್ ವಿಶ್ವವಿದ್ಯಾಲಯದ ಕೆನೆತ್ ಮಿಲ್ಲರ್ ಸೂಜಿ ವ್ಯವಸ್ಥೆಯನ್ನೂ, ರಕ್ತ ಹೆಪ್ಪುಗಟ್ಟುವ ಸರಣಿಯಲ್ಲಿ ಹನ್ನೆರಡನೇ ಘಟಕವಿಲ್ಲದೆಯೂ ಡಾಲ್ಫಿನ್‌ಗಳು ಬದುಕುವುದನ್ನೂ ವಿವರಿಸಿದರು. ರೋಗನಿರೋಧಕ ವ್ಯವಸ್ಥೆಯ ವಿಕಾಸಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ ಎಂದಿದ್ದ ಬೀಹೆಯವರ ಮುಂದೆ 58 ಪ್ರಬಂಧಗಳು, ಒಂಬತ್ತು ಪುಸ್ತಕಗಳು, ಪಠ್ಯಪುಸ್ತಕದ ಅಧ್ಯಾಯಗಳನ್ನು ರಾಶಿ ಹಾಕಲಾಯಿತು. ಅವು ಸಾಲವು ಎಂದರು ಅವರು. ವಿಜ್ಞಾನಕ್ಕೆ ಅವರು ಕೊಟ್ಟ ಸಡಿಲ ವ್ಯಾಖ್ಯೆಯಲ್ಲಿ ಜ್ಯೋತಿಷವೂ ಸೇರುತ್ತದೆಂದು ಒಪ್ಪಿಕೊಂಡರು. ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು: ವಿನ್ಯಾಸವಾದದ ಪರ ಸಂಶೋಧನೆಯೆಂದು ತೋರಿಸಲು ಪ್ರಯೋಗ ಒಂದೂ ಇರಲಿಲ್ಲ. ವಿಕಾಸದಲ್ಲಿ ತೂತು ತೋರಿಸಿದರೆ ವಿನ್ಯಾಸ ತಾನಾಗಿ ಗೆದ್ದಂತೆ ಎಂಬುದೇ ವಾದದ ಆಧಾರವಾಗಿತ್ತು.

ತೀರ್ಪಿನ ವ್ಯಾಪ್ತಿಯನ್ನೂ ಉಬ್ಬಿಸಬೇಡಿ. ಇದು ಒಂದು ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಲಯದ ತೀರ್ಪು, ಇಡೀ ಅಮೆರಿಕವನ್ನು ಕಟ್ಟಿಹಾಕುವುದಿಲ್ಲ. ಮೇಲ್ಮನವಿಯೂ ಹೋಗಲಿಲ್ಲ, ತೀರ್ಪಿಗೆ ಮೊದಲೇ, ನವೆಂಬರ್ 8ರ ಚುನಾವಣೆಯಲ್ಲಿ ಸ್ಪರ್ಧಿಸಿದ್ದ ಎಂಟೂ ಹಳೆಯ ಸದಸ್ಯರು ಸೋತಿದ್ದರು. ಹೊಸ ಮಂಡಳಿ ಎದುರು ಪಕ್ಷದ ವಕೀಲರಿಗೆ ಹತ್ತು ಲಕ್ಷ ಡಾಲರಿಗೆ ತುಸು ಮೇಲೆ ಕೊಟ್ಟು ಕೈತೊಳೆದುಕೊಂಡಿತು.

‘ಎರಡೂ ಕಡೆ’ಯ ಪ್ರಶ್ನೆ. ನಮ್ಮಲ್ಲಿ ಇಂಟೆಲಿಜೆಂಟ್ ಡಿಸೈನ್ ಹೆಸರಿನ ಚಳವಳಿ ದೊಡ್ಡದೇನಲ್ಲ. ಆದರೆ ಕೇಂದ್ರದ ಸಚಿವರೊಬ್ಬರು 2018ರ ಜನವರಿಯಲ್ಲಿ ಡಾರ್ವಿನ್ ತಪ್ಪು, ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ ಎಂದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಡಬೇಕಾಯಿತು. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ವಿಕಾಸವನ್ನು ಕೈಬಿಟ್ಟಾಗ 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಅಧ್ಯಾಯ ಉಳಿದಿದೆ. ಹಾಗಾಗಿ ನಿಮ್ಮ ತರಗತಿಗೆ ಬರುವ ಮಕ್ಕಳಲ್ಲಿ ಬಹಳ ಮಂದಿಗೆ ಈ ವಿಷಯದ ಪರಿಚಯವೇ ಇಲ್ಲಿಂದ ಶುರು.

ಹಾಗಾಗಿ ಎರಡು ಸಿದ್ಧಾಂತಗಳಿವೆ, ಆರಿಸಿಕೊಳ್ಳಿ ಎಂದು ಇಡಬೇಡಿ. ಒಂದರ ಬಳಿ ಪ್ರಯೋಗಗಳಿವೆ, ಇನ್ನೊಂದರ ಬಳಿ ಇಲ್ಲ. ವಾದವನ್ನು ಮಾತ್ರ ಧಾರಾಳವಾಗಿ ತರಗತಿಗೆ ತನ್ನಿ, ಪರೀಕ್ಷೆಗೆ ಒಡ್ಡಲು. ಒಂದು ಪೀರಿಯಡ್ ಸಾಕು. ವಿಡಿಯೊದ ವಾದವನ್ನು ವಿದ್ಯಾರ್ಥಿಯ ಬಾಯಿಂದಲೇ ಎರಡು ವಾಕ್ಯದಲ್ಲಿ ಹೇಳಿಸಿ ಹಲಗೆಯ ಮೇಲೆ ಬರೆಯಿರಿ. ಇದು ಸರಿಯಾದರೆ ಪ್ರಯೋಗದಲ್ಲಿ ಏನು ಕಾಣಬಾರದು ಎಂದು ಕೇಳಿ. ಆಮೇಲೆ ಯೀಸ್ಟಿನ ಉಂಗುರ ಬಿಡಿಸಿ. ಸಮಯ ಉಳಿದರೆ ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿಯವರ ಪ್ರಯೋಗ ಹೇಳಿ: 1988ರ ಫೆಬ್ರುವರಿಯಲ್ಲಿ ಶುರುವಾದ ಇ. ಕೋಲೈನ ಹನ್ನೆರಡು ಸಾಲುಗಳಲ್ಲಿ ಒಂದು, ಸುಮಾರು 31,500ನೇ ತಲೆಮಾರಿನಲ್ಲಿ, ಸಾಮಾನ್ಯವಾಗಿ ಇ. ಕೋಲೈಗೆ ಆಗದ ಕೆಲಸವಾದ, ಆಮ್ಲಜನಕವಿದ್ದಾಗಲೂ ಸಿಟ್ರೇಟ್ ತಿನ್ನುವುದನ್ನು ಕಲಿತಿತು. ಅದಕ್ಕೂ ಹೊಸ ಜೀನು ಬರಲಿಲ್ಲ, ಹಳೆಯ ಸಾಗಣೆ ಜೀನು ದ್ವಿಗುಣಗೊಂಡು ಬೇರೆ ಸ್ವಿಚ್ಚಿನ ಕೈಗೆ ಸಿಕ್ಕಿತು. 500 ತಲೆಮಾರಿಗೊಮ್ಮೆ ಹೆಪ್ಪುಗಟ್ಟಿಸಿಟ್ಟ ಮಾದರಿಗಳನ್ನು ಮತ್ತೆ ಬೆಳೆಸಿದಾಗ 20,000ನೇ ತಲೆಮಾರಿನ ನಂತರದವು ಮಾತ್ರ ಆ ಗುಣವನ್ನು ಪುನಃ ಪಡೆದವು, ಅಂದರೆ ಮೊದಲೇ ಒಂದು ಸದ್ದಿಲ್ಲದ ತಯಾರಿ ನಡೆದಿತ್ತು. ‘ಸಾಗಣೆ ಪ್ರೋಟೀನು ಮೊದಲೇ ಇತ್ತಲ್ಲ, ಹೊಸದೇನು’ ಎಂಬ ಆಕ್ಷೇಪ ಬಂದರೆ ಹೌದು ಎನ್ನಿ. ಇದ್ದದ್ದನ್ನು ಬೇರೆ ಕೆಲಸಕ್ಕೆ ಹಚ್ಚುವುದನ್ನೇ ನಾವು ಇಷ್ಟು ಹೊತ್ತು ನೋಡಿದ್ದು.

ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಎದ್ದರೆ ಅಲ್ಲಿಗೆ ಹೋಗಬೇಡಿ. ಡೋವರ್‌ನಲ್ಲಿ ವಿಕಾಸದ ಪರ ಸಾಕ್ಷಿ ನುಡಿದ ಮಿಲ್ಲರ್ ಸ್ವತಃ ಶ್ರದ್ಧಾವಂತ ಕ್ಯಾಥಲಿಕ್ ಎಂದು ಹೇಳಿ ಪಾಠ ಮುಂದುವರಿಸಿ.